ಮದ್ದಿನ ಅಮಲು ಇಳಿಯುತ್ತದೆ, ಏರುವುದಿಲ್ಲ

ಪ್ರಶ್ನೆ: ನಾವು ಕಾರ್ಕಳ ಸಮೀಪದವರು. ನನ್ನ ಅಮ್ಮನಿಗೆ 64 ವರ್ಷ, ತೂಕ 48 ಕೆ.ಜಿ. ಮೆದುಳಿನ ಮುಂಭಾಗದಲ್ಲಿ ಮೆನಿಂಜಿಯೋಮಾ ಎಂಬ ದೊಡ್ಡ ಗಡ್ಡೆ ಇತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಏಳು ಗಂಟೆ ಶಸ್ತ್ರಚಿಕಿತ್ಸೆ ನಡೆಯಿತು. ಆ ರಾತ್ರಿ ಎಚ್ಚರಿಸದೆ ವೆಂಟಿಲೇಟರಿನಲ್ಲಿಯೇ ಇಟ್ಟರು. ಬೆಳಿಗ್ಗೆ ಏಳಕ್ಕೆ ನಿದ್ರೆಯ ಮದ್ದು ನಿಲ್ಲಿಸಿದೆವು ಎಂದರೂ ಅಮ್ಮ ಕಣ್ಣು ಬಿಟ್ಟದ್ದು ಒಂಬತ್ತೂವರೆಗೆ. ನಡುವೆ ಸಿಟಿ ಸ್ಕ್ಯಾನ್ ಮಾಡಿಸಿ, ತೊಂದರೆ ಏನೂ ಕಾಣಿಸಲಿಲ್ಲ ಎಂದರು. ಪಕ್ಕದ ಮಂಚದ ಹುಡುಗನೊಬ್ಬ ಆಪರೇಷನ್ ಮುಗಿದ ಅರ್ಧ ಗಂಟೆಗೇ ಮಾತನಾಡುತ್ತಿದ್ದ. ಅಮ್ಮನಿಗೆ ಅನಸ್ತೇಶಿಯಾ ಡೋಸ್ ಹೆಚ್ಚಾಗಿದೆ ಎಂದು ಮಾವ ಪಟ್ಟು ಹಿಡಿದಿದ್ದಾರೆ. ದಾಖಲೆಯಲ್ಲಿ ಆರಂಭಕ್ಕೆ ಪ್ರೊಪೋಫಾಲ್ 70 ಮಿ.ಗ್ರಾಂ., ಫೆಂಟನಿಲ್ 100 ಮೈಕ್ರೋಗ್ರಾಂ, ಐಸಿಯುವಿನಲ್ಲಿ ಪ್ರೊಪೋಫಾಲ್ ಗಂಟೆಗೆ 6 ಮಿ.ಲೀ. ಎಂದಿದೆ. ನೋವಿಗೆ ಬರೀ ಪ್ಯಾರಾಸಿಟಮಾಲ್ ಕೊಟ್ಟರು. ಮನೆಗೆ ಬಂದು ಹತ್ತು ದಿನವಾದರೂ ಹಗಲಿಡೀ ತೂಕಡಿಸುತ್ತಾರೆ, ರಾತ್ರಿ ಎದ್ದು ತೀರಿಹೋದ ಅಜ್ಜಿಯನ್ನು ಕರೆಯುತ್ತಾರೆ. ಅಮಲು ಇನ್ನೂ ಇಳಿದಿಲ್ಲವೇ? ಮುಂದೆ ಎಂಆರ್‌ಐ ಮಾಡುವಾಗ ಮತ್ತೆ ನಿದ್ರೆಯ ಮದ್ದು ಬೇಕಾಗಬಹುದು ಎಂದಿದ್ದಾರೆ. ಕೊಡಿಸಬಹುದೇ?

ಉತ್ತರ: ತುರ್ತಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಹತ್ತು ದಿನದ ಮೇಲಿನ ತೂಕಡಿಕೆಗೆ ಆಪರೇಷನ್ ಥಿಯೇಟರಿನ ಮದ್ದು ಕಾರಣವಲ್ಲ. ಬೇರೆ ಕಾರಣವಿದೆ, ಅದನ್ನು ಹುಡುಕಬೇಕು. ತೂಕಡಿಕೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೂ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ, ರಕ್ತದ ಸೋಡಿಯಂ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ತೂಕಡಿಕೆ ಹೆಚ್ಚುತ್ತಿದ್ದರೆ, ಅಥವಾ ಅದರ ಜೊತೆಗೆ ವಾಂತಿ, ಜ್ವರ, ಫಿಟ್ಸ್, ಒಂದು ಬದಿಯ ಕೈಕಾಲಿನ ಬಲ ಕುಗ್ಗುವುದು, ಹೊಲಿಗೆಯಿಂದ ನೀರು ಜಿನುಗುವುದು ಇವುಗಳಲ್ಲಿ ಒಂದು ಇದ್ದರೂ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಅರಿವಳಿಕೆಯ (ಅನಸ್ತೇಶಿಯಾದ) ಮದ್ದು ದೇಹಕ್ಕೆ ಹೋದ ಮೇಲೆ ಅದರ ದಾರಿ ಒಂದೇ: ಕೊಡುವುದನ್ನು ನಿಲ್ಲಿಸಿದ ಕ್ಷಣದಿಂದ ಅಮಲು ಇಳಿಯುತ್ತ ಹೋಗುತ್ತದೆ. ನಿಧಾನವಾಗಿ ಇಳಿಯಬಹುದು, ಬೇಗ ಇಳಿಯಬಹುದು. ಹೊಸದಾಗಿ ಯಾವ ಮದ್ದನ್ನೂ ಕೊಡದಿದ್ದರೆ, ಒಮ್ಮೆ ಚೆನ್ನಾಗಿ ಎಚ್ಚರಗೊಂಡು ಮಾತನಾಡಿದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಂಕಾದರೆ ಅದು ಅರಿವಳಿಕೆಯ ಕೆಲಸವಲ್ಲ. ‘ಇನ್ನೂ ಅನಸ್ತೇಶಿಯಾ ಇಳಿದಿಲ್ಲ, ಮಲಗಲಿ ಬಿಡಿ’ ಎಂಬ ಮಾತನ್ನು ವಾರ್ಡಿನಲ್ಲಿ ಮನೆಯವರೂ ಹೇಳುತ್ತಾರೆ, ಕೆಲವೊಮ್ಮೆ ನಮ್ಮ ವೈದ್ಯರೂ ಹೇಳುತ್ತಾರೆ. ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಇಷ್ಟು ಅಪಾಯದ ಸಮಾಧಾನ ಇನ್ನೊಂದಿಲ್ಲ. ಡೋಸ್ ಹೆಚ್ಚಾಯಿತು ಎಂಬ ನಿಮ್ಮ ಮಾವನ ಸಿಟ್ಟು ಮತ್ತು ಡೋಸಿನದೇ ಅಮಲು ಬಿಡಿ ಎಂಬ ಉಡಾಫೆ, ಇವೆರಡೂ ನಮ್ಮ ಗಮನವನ್ನು ಮೆದುಳಿನಿಂದ ಬೇರೆಡೆಗೆ ಎಳೆಯುತ್ತವೆ.

ಈಗ ನೀವು ಕೊಟ್ಟ ಅಂಕಿಗಳನ್ನು ನೋಡೋಣ. ಪ್ರೊಪೋಫಾಲ್ ಎಂಬುದು ಸೋಯಾ ಎಣ್ಣೆಯಲ್ಲಿ ಕದಡಿದ, ಹಾಲಿನ ಹಾಗೆ ಬೆಳ್ಳಗಿನ ಮದ್ದು. ಆರೋಗ್ಯವಂತ ವಯಸ್ಕರನ್ನು ನಿದ್ರೆಗಿಳಿಸಲು ಪ್ರತಿ ಕೆ.ಜಿ. ತೂಕಕ್ಕೆ 1.5ರಿಂದ 2.5 ಮಿ.ಗ್ರಾಂ. ಬೇಕು, ವಯಸ್ಸಾದವರಿಗೆ 1ರಿಂದ 1.5 ಸಾಕು. ನಿಮ್ಮ ತಾಯಿಗೆ ಕೊಟ್ಟದ್ದು 70 ಮಿ.ಗ್ರಾಂ., ಅಂದರೆ ಕೆ.ಜಿ.ಗೆ 1.5ಕ್ಕಿಂತ ತುಸು ಕಡಿಮೆ. ಅದರ ಪರಿಣಾಮ 30–40 ಸೆಕೆಂಡಿನಲ್ಲಿ ಕಾಣಿಸುತ್ತದೆ. ಅದೊಂದೇ ಡೋಸ್ ಕೊಟ್ಟು ಬಿಟ್ಟಿದ್ದರೆ ಐದು ಹತ್ತು ನಿಮಿಷಗಳಲ್ಲಿ ಕಣ್ಣು ಬಿಟ್ಟಿರುತ್ತಿದ್ದರು. ಫೆಂಟನಿಲ್ ಜೋರಾದ ನೋವುನಿವಾರಕ; 100 ಮೈಕ್ರೋಗ್ರಾಂ ಎಂದರೆ ಕೆ.ಜಿ.ಗೆ ಸುಮಾರು 2 ಮೈಕ್ರೋಗ್ರಾಂ, ಅದೂ ವಾಡಿಕೆಯ ಪ್ರಮಾಣವೇ. ಇನ್ನು ಐಸಿಯುವಿನ ಪಂಪು. ಸಾಮಾನ್ಯವಾಗಿ ಬಳಸುವ ಪ್ರೊಪೋಫಾಲಿನ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ. ಇರುತ್ತದೆ. ಗಂಟೆಗೆ 6 ಮಿ.ಲೀ. ಎಂದರೆ 60 ಮಿ.ಗ್ರಾಂ., 48 ಕೆ.ಜಿ.ಗೆ ಭಾಗಿಸಿದರೆ ಗಂಟೆಗೆ ಕೆ.ಜಿ.ಗೆ 1.25 ಮಿ.ಗ್ರಾಂ. ವೆಂಟಿಲೇಟರಿನಲ್ಲಿರುವವರಿಗೆ ವಾಡಿಕೆಯ ವ್ಯಾಪ್ತಿ 0.3ರಿಂದ 3. ಗಂಟೆಗೆ ಕೆ.ಜಿ.ಗೆ 4 ಮಿ.ಗ್ರಾಂ. ದಾಟಿ, ಎರಡು ದಿನಕ್ಕಿಂತ ಹೆಚ್ಚು ಹರಿಸಿದಾಗ ಹೃದಯ, ಸ್ನಾಯುಗಳಿಗೆ ಧಕ್ಕೆಯಾಗಬಹುದು ಎಂಬ ಭಯ ನಮಗಿದೆ. ನಿಮ್ಮ ತಾಯಿಗೆ ಕೊಟ್ಟದ್ದು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಆದರೆ ಈ ಮೂರು ಅಂಕಿಗಳು ಏಳು ಗಂಟೆಯ ಶಸ್ತ್ರಚಿಕಿತ್ಸೆಯ ಕಥೆಯನ್ನು ಹೇಳುವುದಿಲ್ಲ. ಅದು ಬೇರೆ ಹಾಳೆಯಲ್ಲಿದೆ. ಐದೈದು ನಿಮಿಷಕ್ಕೊಮ್ಮೆ ರಕ್ತದೊತ್ತಡ, ನಾಡಿ, ಕೊಟ್ಟ ಮದ್ದು ಎಲ್ಲವನ್ನೂ ಗುರುತು ಹಾಕಿದ ಅರಿವಳಿಕೆ ಚಾರ್ಟ್ ಅದು. ಅದರ ಪ್ರತಿಯನ್ನೂ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿಯೇ ಇದೆ. ಜಗಳಕ್ಕಾಗಿ ಅಲ್ಲ, ಮುಂದಿನ ಅರಿವಳಿಕೆ ತಜ್ಞರಿಗೆ ಅದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ.

ಆ ಚಾರ್ಟನ್ನು ಓದಿದರೆ ಡೋಸ್ ಎನ್ನುವುದು ಬೆಳಿಗ್ಗೆ ನಿಗದಿ ಮಾಡಿ ಸಂಜೆವರೆಗೆ ಸುರಿಯುವ ಸಂಖ್ಯೆಯಲ್ಲ ಎಂದು ತಿಳಿಯುತ್ತದೆ. ತಲೆ ಅಲುಗದಂತೆ ಹಿಡಿಯಲು ಮೂರು ಮೊನೆಗಳ ಲೋಹದ ಚೌಕಟ್ಟನ್ನು ತಲೆಬುರುಡೆಗೆ ಬಿಗಿಯುತ್ತಾರೆ. ಇಡೀ ಶಸ್ತ್ರಚಿಕಿತ್ಸೆಯಲ್ಲಿ ಅತಿ ಹೆಚ್ಚು ನೋವಿನ ಗಳಿಗೆ ಅದೇ. ರಕ್ತದೊತ್ತಡ ಒಮ್ಮೆಲೇ ಮೇಲೇರಬಹುದು, ಹಾಗಾಗಿ ಅದಕ್ಕೆ ಒಂದು ನಿಮಿಷ ಮೊದಲು ನಾವು ಮದ್ದು ಹೆಚ್ಚಿಸುತ್ತೇವೆ. ಚರ್ಮ ಕೊಯ್ಯುವಾಗ, ಮೂಳೆ ತೆಗೆಯುವಾಗ ಹೆಚ್ಚೇ ಬೇಕು. ಹೊದಿಕೆ ಬಿಡಿಸಿ ಮೆದುಳಿಗೆ ತಲುಪಿದ ಮೇಲೆ ಚಿತ್ರ ಬದಲಾಗುತ್ತದೆ. ಮೆದುಳಿಗೆ ಸ್ವತಃ ನೋವಿನ ಅರಿವಿಲ್ಲ, ಗಂಟೆಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ಕೆಲಸ ನಡೆಯುವಾಗ ಕಡಿಮೆ ಮದ್ದಿನಲ್ಲಿ ಸಾಗುತ್ತದೆ. ಹೊಲಿಗೆಯ ಹೊತ್ತಿಗೆ ಮತ್ತೆ ಸ್ವಲ್ಪ ಏರಿಸಿ, ಬ್ಯಾಂಡೇಜು ಸುತ್ತುವಾಗ ಇಳಿಸುತ್ತೇವೆ. ನೆತ್ತಿಯ ನರಗಳಿಗೆ ಮೊದಲೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ಫೆಂಟನಿಲ್ ಕಡಿಮೆ ಸಾಕು. ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್‌ನಂಥ ಅನಿಲವಾದರೆ, ಹೊರಬಿಡುವ ಉಸಿರಿನಲ್ಲಿ ಎಷ್ಟಿದೆ ಎಂದು ಯಂತ್ರ ಪ್ರತಿ ಉಸಿರಿಗೂ ತೋರಿಸುತ್ತದೆ. ನಲವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಈ ಅನಿಲಗಳ ಅಗತ್ಯ ಸುಮಾರು ಶೇ. 6ರಷ್ಟು ಇಳಿಯುತ್ತದೆ, ಆದ್ದರಿಂದ ನಿಮ್ಮ ತಾಯಿಯಂಥವರಿಗೆ ಮೊದಲಿನಿಂದಲೂ ಕೈ ಬಿಗಿಹಿಡಿದೇ ಕೊಡುತ್ತೇವೆ.

ಹಾಗಿದ್ದರೆ ಆ ರಾತ್ರಿ ಏಕೆ ಎಚ್ಚರಿಸಲಿಲ್ಲ? ಎಚ್ಚರವಾಗದೆ ಇರುವುದು ಬೇರೆ, ಎಚ್ಚರಿಸದೆ ಇಡುವುದು ಬೇರೆ. ಗಡ್ಡೆ ದೊಡ್ಡದಿದ್ದು ಮೆದುಳು ಊದಿಕೊಂಡಿದ್ದರೆ, ರಕ್ತ ಹೆಚ್ಚು ಹೋಗಿದ್ದರೆ, ದೀರ್ಘ ಹೊತ್ತಿನಲ್ಲಿ ದೇಹದ ಉಷ್ಣತೆ ಇಳಿದಿದ್ದರೆ ಒಂದು ರಾತ್ರಿ ನಿದ್ರೆಯಲ್ಲಿಡುವ ತೀರ್ಮಾನ ಮಾಡುತ್ತಾರೆ. ಎಚ್ಚರಿಸುವಾಗ ನಳಿಕೆಯ ಮೇಲೆ ಒಂದು ಜೋರು ಕೆಮ್ಮು ಬಂದು ರಕ್ತದೊತ್ತಡ ಜಿಗಿದರೆ, ಈಗಷ್ಟೇ ರಕ್ತಸ್ರಾವ ನಿಲ್ಲಿಸಿದ ಜಾಗದಲ್ಲಿ ಮತ್ತೆ ರಕ್ತ ಸೋರಿ ಹೆಪ್ಪುಗಟ್ಟಬಹುದು. ಇನ್ನೊಂದು ಪಕ್ಷವೂ ಇದೆ: ಬೇಗ ಎಚ್ಚರಿಸಿದರೆ ಮಾತನಾಡಿಸಿ, ಕೈಕಾಲು ಎತ್ತಿಸಿ ನೋಡಬಹುದು. ತಲೆಯೊಳಗೆ ಅಪಾಯಕಾರಿಯಾಗಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳಲ್ಲಿ ಬಹುಪಾಲು ಮೊದಲ ಆರು ಗಂಟೆಗಳಲ್ಲೇ ಲಕ್ಷಣ ತೋರುತ್ತವೆ, ಎಚ್ಚರವಿದ್ದ ರೋಗಿಯಲ್ಲಿ ಅದು ಬೇಗ ಗೊತ್ತಾಗುತ್ತದೆ. ಸಾಧ್ಯವಿದ್ದರೆ ಎಚ್ಚರಿಸುವುದೇ ಮೇಲು ಎಂಬ ಪಂಗಡಕ್ಕೆ ನಾನು ಸೇರಿದವನು. ಆದರೆ ತೆರೆದ ಮೆದುಳು ಹೇಗಿತ್ತು ಎಂದು ಕಂಡವರು ಅಲ್ಲಿ ನಿಂತವರು, ಆ ತೀರ್ಮಾನವನ್ನು ಇಲ್ಲಿ ಕುಳಿತು ತಪ್ಪೆನ್ನಲು ನಾನು ತಯಾರಿಲ್ಲ. ಏಕೆ ಎಂದು ಅವರು ಆ ಸಂಜೆಯೇ ನಿಮ್ಮನ್ನು ಕೂರಿಸಿಕೊಂಡು ಎರಡು ಮಾತು ಹೇಳಬೇಕಿತ್ತು. ಹೇಳಿಲ್ಲವಾದರೆ ನಿಮ್ಮ ದೂರು ನ್ಯಾಯವಾದದ್ದು.

ಪಕ್ಕದ ಮಂಚದ ಹುಡುಗನ ಜೊತೆ ಹೋಲಿಸಬೇಡಿ. ಅವನ ಗಡ್ಡೆ ಎಲ್ಲಿತ್ತು, ಎಷ್ಟಿತ್ತು ಎಂದು ನಮಗೆ ತಿಳಿಯದು. ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ಮಾತಿನ ಕೇಂದ್ರದ ಹತ್ತಿರದ ಗಡ್ಡೆಯನ್ನು ರೋಗಿಯನ್ನು ಎಚ್ಚರವಾಗಿಟ್ಟು, ಚಿತ್ರ ತೋರಿಸಿ ಮಾತನಾಡಿಸುತ್ತಲೇ ತೆಗೆಯುವುದೂ ಇದೆ. ಮೆದುಳಿನ ಮುಂಭಾಗವೋ ನಮ್ಮ ಚುರುಕು, ಉತ್ಸಾಹ, ಏಳಬೇಕು ಎಂಬ ಮನಸ್ಸು ಎಲ್ಲವನ್ನೂ ನಡೆಸುವ ಜಾಗ. ಅಲ್ಲಿ ದೊಡ್ಡ ಗಡ್ಡೆಯಿದ್ದವರು ಅದೇ ಡೋಸಿಗೆ ಬೇರೆಯವರಿಗಿಂತ ತಡವಾಗಿ ಏಳಬಹುದು.

ಏಳರಿಂದ ಒಂಬತ್ತೂವರೆ, ಅಂದರೆ ಎರಡೂವರೆ ಗಂಟೆ, ನಿಮಗೆ ದೀರ್ಘವಾಗಿ ಕಂಡಿರುವುದು ಸಹಜ. ನನಗೂ ತುಸು ದೀರ್ಘವೇ. ಎಂಟು ಗಂಟೆ ಹರಿಸಿದ ಪ್ರೊಪೋಫಾಲಿನ ಮಟ್ಟ ರಕ್ತದಲ್ಲಿ ಅರ್ಧಕ್ಕಿಳಿಯಲು ನಲವತ್ತು ನಿಮಿಷದಷ್ಟು ಬೇಕು. ಫೆಂಟನಿಲ್ ಹಾಗಲ್ಲ, ಒಂದು ಡೋಸ್ ಬೇಗ ಇಳಿದರೂ ಮತ್ತೆ ಮತ್ತೆ ಕೊಟ್ಟರೆ ಕೊಬ್ಬು, ಸ್ನಾಯುಗಳಲ್ಲಿ ತುಂಬಿಕೊಂಡು ಗಂಟೆಗಟ್ಟಲೆ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ನಿದ್ರೆ ನಿಲ್ಲಿಸಿ ಒಂದು ಗಂಟೆಯಾದರೂ ಏಳದಿದ್ದರೆ ನಾವು ಒಂದು ಕ್ರಮದಲ್ಲಿ ಹುಡುಕುತ್ತೇವೆ. ಸ್ನಾಯು ಸಡಿಲಿಸುವ ಮದ್ದು ಉಳಿದಿದೆಯೇ ಎಂದು ಮುಂಗೈ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋಡುತ್ತೇವೆ. ಉಷ್ಣತೆ, ಸಕ್ಕರೆ, ಸೋಡಿಯಂ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ನೋಡುತ್ತೇವೆ. ಟಾರ್ಚು ಬಿಟ್ಟು ಎರಡೂ ಕಣ್ಣಿನ ಪಾಪೆ ಸಮವಾಗಿ ಕಿರಿದಾಗುತ್ತವೆಯೇ ಎಂದು ಪರೀಕ್ಷಿಸುತ್ತೇವೆ. ಫೆಂಟನಿಲ್ ಎರಡನ್ನೂ ಕಿರಿದಾಗಿಸುತ್ತದೆ, ಒಂದೇ ಕಡೆ ಅಗಲವಾದರೆ ಒಳಗಿನ ಒತ್ತಡದ ಸೂಚನೆ. ಹೊರಗೆ ಕಾಣದ ಫಿಟ್ಸ್ ಇರಬಹುದೇ ಎಂದು ಯೋಚಿಸುತ್ತೇವೆ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್. ನಿಮ್ಮ ತಾಯಿಗೆ ಸ್ಕ್ಯಾನ್ ಮಾಡಿಸಿದ್ದನ್ನು ಏನೋ ಎಡವಟ್ಟಾಗಿದೆ ಎಂಬುದಕ್ಕೆ ಸಾಕ್ಷಿ ಎಂದು ಮಾವ ತಿಳಿದಿರಬಹುದು. ನಾನು ಅದನ್ನು ಓದುವುದು ತಿರುಗಾಮುರುಗ. ‘ಮದ್ದಿನ ಅಮಲು ಇರಬೇಕು’ ಎಂದು ಕೈಕಟ್ಟಿ ಕೂರದೆ, ತೀವ್ರ ನಿಗಾದಲ್ಲಿರುವ ರೋಗಿಯನ್ನು ಯಂತ್ರದ ಸಮೇತ ಸ್ಕ್ಯಾನಿಗೆ ಕೊಂಡೊಯ್ಯುವ ತಾಪತ್ರಯ ತೆಗೆದುಕೊಂಡರಲ್ಲ, ಅದು ಸರಿಯಾದ ಕೆಲಸ.

ಇಲ್ಲಿ ನಮ್ಮ ಊರಿನದೇ ಒಂದು ವಿಷಯ ಹೇಳಬೇಕು. ಎಚ್ಚರದ ಮಟ್ಟ ಅಳೆಯಲು 1974ರಿಂದ ಗ್ಲಾಸ್ಗೋ ಮಾಪಕ ಬಳಕೆಯಲ್ಲಿದೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ಮಾತಿಗೆ ಪೂರ್ಣ ಅಂಕ ಬರಬೇಕಾದರೆ ಊರು, ದಿನ, ಇರುವ ಜಾಗ ಸರಿಯಾಗಿ ಹೇಳಬೇಕು. ಮಂಗಳೂರಿನ ಐಸಿಯುವಿನಲ್ಲಿ ಕೇಳುವ ನರ್ಸ್ ಕೇರಳದವರಿರಬಹುದು, ಉತ್ತರಿಸಬೇಕಾದವರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವವರು. ಅರೆಎಚ್ಚರದಲ್ಲಿ ಮೊದಲು ಮರಳುವುದು ಮನೆಮಾತೇ. ‘ಅಮ್ಮಾ, ಇದು ಯಾವ ಜಾಗ?’ ಎಂದು ಕಲಿತ ಕನ್ನಡದಲ್ಲಿ ಕೇಳಿದಾಗ ಅಜ್ಜಿಯೊಬ್ಬರು ತುಳುವಿನಲ್ಲಿ ‘ಯಾನ್ ಇಲ್ಲಡೆಗ್ ಪೋಪೆ’ ಎಂದರೆ, ಅದು ಗೊಂದಲವೋ ಅಥವಾ ಸಾಕಾಗಿ ಮನೆಗೆ ಹೋಗುತ್ತೇನೆ ಎಂಬ ಸ್ಪಷ್ಟ ಹಟವೋ? ತುಳು ಬಲ್ಲವರು ಮಾತ್ರ ಹೇಳಬಲ್ಲರು. ಆದ್ದರಿಂದ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಮನೆಮಾತು ಯಾವುದು, ಕಿವಿ ಮಂದವೇ, ಕನ್ನಡಕ ಬೇಕೇ, ಮೊದಲೇ ಯಾವ ಕೈಯ ಬಲ ಕಡಿಮೆಯಿತ್ತು ಎಂದು ಬರೆಸಿಬಿಡಿ. ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಜೊತೆಗೆಂದು ಬಂದು ಕುಳಿತವರನ್ನು ಎರಡು ನಿಮಿಷ ಒಳಗೆ ಕರೆದು ಮಾತನಾಡಿಸುವಂತೆ ಕೇಳಿಕೊಳ್ಳಿ. ನನ್ನ ಮಟ್ಟಿಗೆ ಅದು ಭೇಟಿಯಲ್ಲ, ಪರೀಕ್ಷೆ.

ಮೊದಲೇ ಯಾವ ಕೈ ಎಂದು ಬರೆಸಲು ಹೇಳಿದ್ದಕ್ಕೆ ಕಾರಣವಿದೆ. ಗಡ್ಡೆಯಿಂದ ಕೈಯ ಬಲ ಕುಗ್ಗಿ, ಸ್ಟೆರಾಯ್ಡ್ ಕೊಟ್ಟ ಮೇಲೆ ಸುಧಾರಿಸಿದ್ದವರಲ್ಲಿ 1–2 ಮಿ.ಗ್ರಾಂ. ಮಿಡಜೋಲಾಮ್ ಎಂಬ ನಿದ್ರೆಯ ಮದ್ದು ಕೊಟ್ಟರೂ ಆ ದೌರ್ಬಲ್ಯ ಸ್ವಲ್ಪ ಹೊತ್ತು ಮತ್ತೆ ತಲೆಯೆತ್ತಬಹುದು. ಹೇಗೋ ಸಂಭಾಳಿಸಿಕೊಂಡಿದ್ದ ಮೆದುಳಿನ ಮೇಲೆ ನಿದ್ರೆಯ ಮದ್ದು ಬಿದ್ದಾಗ ಆ ಹೊಂದಾಣಿಕೆ ಕಳಚುತ್ತದೆ. ಡೋಸ್ ಪುಸ್ತಕದ ಪ್ರಕಾರ ಸರಿಯಾಗಿದ್ದೂ ಆ ಮೆದುಳಿಗೆ ಹೆಚ್ಚಾಗಬಹುದು. ಡೋಸಿನ ಬಗ್ಗೆ ನಿಮ್ಮ ಮಾವನ ಸಂಶಯದಲ್ಲಿ ಹುರುಳಿರುವುದಾದರೆ ಅದು ಇಷ್ಟರ ಮಟ್ಟಿಗೆ.

ಪ್ಯಾರಾಸಿಟಮಾಲ್ ಬಗ್ಗೆ ಬೇಸರವಿದೆ ನಿಮಗೆ. ಜೋರಾದ ನೋವುನಿವಾರಕಗಳು ಉಸಿರನ್ನು ನಿಧಾನಗೊಳಿಸುತ್ತವೆ. ಉಸಿರು ತಗ್ಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮೆದುಳಿನ ರಕ್ತನಾಳಗಳು ಹಿಗ್ಗಿ, ಬುರುಡೆಯೊಳಗೆ ಒತ್ತಡ ಹೆಚ್ಚುತ್ತದೆ. ಡೈಕ್ಲೋಫೆನಾಕ್‌ನಂಥವುಗಳಿಂದ ರಕ್ತಸ್ರಾವದ ಭಯ. ಹಾಗೆಂದು ನರಳಲು ಬಿಡುವುದೂ ಸರಿಯಲ್ಲ, ನೋವು ರಕ್ತದೊತ್ತಡ ಏರಿಸುತ್ತದೆ. ನೆತ್ತಿಯ ನರಕ್ಕೆ ಕೊಟ್ಟ ಚುಚ್ಚುಮದ್ದು, ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಅದು ಸಾಲದಿದ್ದರೆ ಅಳೆದು ತೂಗಿ ಸಣ್ಣ ಪ್ರಮಾಣದ ಓಪಿಯಾಯ್ಡ್ (ಫೆಂಟನಿಲ್ ಬಗೆಯ ನೋವುನಿವಾರಕ), ಇದು ದಾರಿ. 50 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ರಕ್ತನಾಳಕ್ಕೆ ಕೊಡುವ ಪ್ಯಾರಾಸಿಟಮಾಲನ್ನೂ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿಯೇ ಕೊಡಬೇಕು. ನಿಮ್ಮ ತಾಯಿಗೆ ಅದು 720 ಮಿ.ಗ್ರಾಂ., ಇಡೀ ಒಂದು ಗ್ರಾಂ ಬಾಟಲಿಯಲ್ಲ.

ಈಗ ಮನೆಯ ತೂಕಡಿಕೆಗೆ ಬರುತ್ತೇನೆ. ಹಗಲು ಮಂಪರು, ರಾತ್ರಿ ಎಚ್ಚರ, ಸತ್ತವರನ್ನು ಕರೆಯುವುದು ಇವು ಡಿಲಿರಿಯಂ ಎಂಬ ತಾತ್ಕಾಲಿಕ ಗೊಂದಲದ ಸ್ಥಿತಿಯ ಚಹರೆಗಳು. ಹುಚ್ಚೂ ಅಲ್ಲ, ಅಜ್ಜಿ ಕರೆದದ್ದೂ ಅಲ್ಲ. ಮೊದಲ ಅನುಮಾನ ಸೋಡಿಯಂ ಮೇಲೆ. ಅದು 135ರಿಂದ 145ರ ನಡುವೆ ಇರಬೇಕು, ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಇಳಿಯುವುದು ಸಾಮಾನ್ಯ. ನಮ್ಮ ಕಡೆ ಕಾಯಿಲೆಯವರಿಗೆ ಉಪ್ಪಿಲ್ಲದ ಗಂಜಿತಿಳಿ, ದಿನಕ್ಕೆ ಮೂರು ಬೊಂಡ (ಎಳನೀರು) ಕೊಡುವುದು ಪ್ರೀತಿಯ ಗುರುತು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಬೊಂಡವನ್ನು ನಿಲ್ಲಿಸಿ, ಗಂಜಿಗೆ ಎಂದಿನ ಉಪ್ಪು ಹಾಕಿ. ನೀರು ಎಷ್ಟು ಎಂಬುದನ್ನು ಮಾತ್ರ ವೈದ್ಯರೇ ಹೇಳಲಿ, ಏಕೆಂದರೆ ಸೋಡಿಯಂ ಇಳಿಯುವ ಒಂದು ಬಗೆಯಲ್ಲಿ ನೀರು ಕಡಿಮೆ ಮಾಡಬೇಕು, ಇನ್ನೊಂದರಲ್ಲಿ ಕಡಿಮೆ ಮಾಡಲೇಬಾರದು. ಮುಂದಿನದು ಮಾತ್ರೆಗಳ ಚೀಟಿ. ಫಿಟ್ಸ್ ಬಾರದಂತೆ ಕೊಡುವ ಲೆವೆಟಿರಾಸಿಟಾಮ್ ಕೆಲವರಿಗೆ ಮಂಪರು, ಕೆಲವರಿಗೆ ಸಿಡುಕು ತರುತ್ತದೆ. ಸ್ಟೆರಾಯ್ಡ್ ರಾತ್ರಿಯ ನಿದ್ರೆ ಕದಿಯುತ್ತದೆ, ಸಕ್ಕರೆ ಏರಿಸುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಮನುಷ್ಯನನ್ನು ಹಾಸಿಗೆಗೆ ಕೆಡವುತ್ತದೆ. ಮೂತ್ರದ ಸೋಂಕು, ಮಲಬದ್ಧತೆ ಕೂಡ ಈ ವಯಸ್ಸಿನಲ್ಲಿ ತಲೆ ಕೆಡಿಸುತ್ತವೆ. ಒಂದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ: ರಾತ್ರಿ ನಿದ್ರೆ ಬರಲಿ ಎಂದು ಮೆಡಿಕಲ್ ಅಂಗಡಿಯಿಂದ ಆಲ್ಪ್ರಜೋಲಾಮ್ ತಂದು ಕೊಡಬೇಡಿ. ಶೀತದ ಮಾತ್ರೆಯನ್ನೂ ಕೇಳದೆ ಕೊಡಬೇಡಿ, ಅದರಲ್ಲಿಯೂ ಮಂಪರು ಬರಿಸುವ ಅಂಶವಿರುತ್ತದೆ.

ಎಲ್ಲ ಪರೀಕ್ಷೆಯೂ ಸರಿಯಾಗಿ ಬಂದರೆ, ಮುಂಭಾಗದ ಮೆದುಳು ಚೇತರಿಸಿಕೊಳ್ಳಲು ತೆಗೆದುಕೊಳ್ಳುವ ಸಮಯ ಇದು ಎನ್ನಬಹುದು. ಮೆದುಳಿಗೆ ಸಂಬಂಧಿಸದ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರವೂ ಅರವತ್ತು ದಾಟಿದವರಲ್ಲಿ ಕಾಲುಭಾಗದಷ್ಟು ಜನರ ನೆನಪು, ಗಮನ ಒಂದು ವಾರದ ಮೇಲೂ ಕುಂದಿತ್ತು, ಮೂರು ತಿಂಗಳ ಮೇಲೆ ಹತ್ತರಲ್ಲಿ ಒಬ್ಬರಿಗೆ ಉಳಿದಿತ್ತು ಎಂದು 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ತೋರಿಸಿದೆ. ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಕೂರಿಸಿ, ಕನ್ನಡಕ ಹಾಕಿ, ಹಗಲು ಮಾತನಾಡಿಸುತ್ತಿರಿ. ರಾತ್ರಿ ದೀಪ ಆರಿಸಿ.

ಎಂಆರ್‌ಐಗೆ ನಿದ್ರೆಯ ಮದ್ದು ಕೊಡಿಸಬಹುದು, ಆದರೆ ಬೇಕೇ ಎಂಬುದು ಮೊದಲ ಪ್ರಶ್ನೆ. ಅರ್ಧ ಮುಕ್ಕಾಲು ಗಂಟೆ ಅಲುಗದೆ ಮಲಗಿದರೆ ಸಾಕು. ಡಿಲಿರಿಯಂ ಇಳಿದ ಮೇಲೆ, ಕಿವಿಗೆ ಹತ್ತಿ ಇಟ್ಟು, ಮಗಳೋ ಮಗನೋ ಪಾದ ಹಿಡಿದು ಕುಳಿತರೆ ಎಷ್ಟೋ ಹಿರಿಯರು ಮದ್ದಿಲ್ಲದೆಯೇ ಮುಗಿಸುತ್ತಾರೆ. ಒಳಗೆ ಕೂರುವವರು ಮೈಮೇಲಿನ ಲೋಹವನ್ನೆಲ್ಲ ಹೊರಗಿಟ್ಟು, ಪೇಸ್‌ಮೇಕರ್ ಇಲ್ಲವೆಂದು ಖಚಿತಪಡಿಸಿಯೇ ಹೋಗಬೇಕು. ಕೊಡಲೇಬೇಕಾದರೆ ಅರಿವಳಿಕೆ ತಜ್ಞರೇ ಕೊಡಲಿ, ಆಮ್ಲಜನಕದ ಜೊತೆಗೆ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ವ್ಯವಸ್ಥೆಯೂ ಇರಲಿ. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮದ್ದಿನಲ್ಲಿ ಕರೆದರೆ ಕಣ್ಣು ಬಿಡುವಂಥ ನಿದ್ರೆ ಬರುತ್ತದೆ, ಉಸಿರು ಹೆಚ್ಚು ತಗ್ಗುವುದಿಲ್ಲ. ನಾಡಿ, ರಕ್ತದೊತ್ತಡ ಇಳಿಯಬಹುದು, ಅದನ್ನು ಗಮನಿಸಬೇಕು. ಮಿಡಜೋಲಾಮ್ ಸಾಧ್ಯವಾದಷ್ಟು ಬೇಡ ಎಂದು ನಾನಾದರೆ ಹೇಳುತ್ತೇನೆ, ಈಗಾಗಲೇ ಗೊಂದಲ ಕಂಡವರಲ್ಲಿ ಅದು ಗೊಂದಲ ಹೆಚ್ಚಿಸುತ್ತದೆ. ಹಿಂದಿನ ಚಾರ್ಟನ್ನು ಅವರ ಕೈಗೆ ಕೊಡಿ. ಆ ದಿನ ನೀರುದೋಸೆಯಷ್ಟು ಹಗುರದ ತಿಂಡಿಯಾದರೂ ಆರು ಗಂಟೆ ಮೊದಲೇ ಮುಗಿಯಬೇಕು, ಹಾಲು ಹಾಕಿದ ಚಹಾಕ್ಕೂ ಅದೇ ಲೆಕ್ಕ. ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಖಾಲಿ ಹೊಟ್ಟೆ ಎಂದು ಫಿಟ್ಸ್‌ನ ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ, ಒಂದು ಗುಟುಕು ನೀರಿನಲ್ಲಿ ಎಂದಿನ ಹೊತ್ತಿಗೆ ಕೊಡಿ. ಸ್ಟೆರಾಯ್ಡ್ ಇನ್ನೂ ನಡೆಯುತ್ತಿದ್ದರೆ ಅದನ್ನೂ ಹಾಗೆಯೇ.